ಹಳೆಯ ಕಾರಿಗೆ ಪಾನಾ ಹಿಡಿಯುವ ಮುನ್ನ ಲೆಕ್ಕದ ಪುಸ್ತಕ ಹಿಡಿಯಿರಿ

ಸಿಂಧನೂರು, ಮಸ್ಕಿ ಹಾಗೂ ಲಿಂಗಸುಗೂರು ಪಟ್ಟಣಗಳು ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ, ಅರವತ್ತು ಕಿಲೋಮೀಟರುಗಳೊಳಗೆ, ಒಂದರ ನಂತರ ಒಂದರಂತೆ ಇವೆ. ಅಕ್ಕಿ ಗಿರಣಿಯ ವಸೂಲಿ, ಬೀಜ-ಗೊಬ್ಬರದ ಬಾಕಿ, ಎಪಿಎಂಸಿಯ ಕೆಲಸ ಎಂದು ಈ ಮೂರೂ ಊರುಗಳ ನಡುವೆ ವಾರದಲ್ಲಿ ಎರಡು ಮೂರು ಬಾರಿ ತಿರುಗುವ ವರ್ತಕರಲ್ಲಿ ಅನೇಕರ ಬಳಿ ಹದಿನೈದು, ಇಪ್ಪತ್ತು ವರ್ಷ ಹಳೆಯ ಕಾರುಗಳಿವೆ. ಇವುಗಳನ್ನು ಸ್ವಲ್ಪ ಖರ್ಚು ಮಾಡಿ ಮನೆಯಲ್ಲಿಯೇ ಸರಿಪಡಿಸಿಕೊಂಡು ಇನ್ನೂ ಕೆಲವು ವರ್ಷ ಓಡಿಸಬೇಕೇ, ಅಥವಾ ಸಾಲ ಮಾಡಿ ಹೊಸದನ್ನು ಕೊಳ್ಳಬೇಕೇ ಎಂಬ ಪ್ರಶ್ನೆಯನ್ನು ಕಕ್ಷಿದಾರರು ಲೆಕ್ಕಪರಿಶೋಧಕರಿಗೂ ಕೇಳುತ್ತಿರುತ್ತಾರೆ. ಇದು ಮೆಕ್ಯಾನಿಕ್ ಉತ್ತರಿಸಬೇಕಾದ ಪ್ರಶ್ನೆಯೆಂದು ಮೇಲ್ನೋಟಕ್ಕೆ ಕಂಡರೂ ವಾಸ್ತವದಲ್ಲಿ ಇದು ದುಡಿಯುವ ಬಂಡವಾಳದ ಪ್ರಶ್ನೆ.

ನಮ್ಮ ಭಾಗದ ವ್ಯಾಪಾರವೆಲ್ಲವೂ ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನೆಚ್ಚಿಕೊಂಡಿದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದುದನ್ನು ಯಾರೂ ಮರೆತಿಲ್ಲ. ತರುವಾಯ ಗೇಟುಗಳ ಬದಲಾವಣೆಯ ಸಲುವಾಗಿ 2025–26ರ ಎರಡನೇ ಬೆಳೆಗೆ ನೀರು ಬಿಡದಿರಲು ತೀರ್ಮಾನವಾಯಿತು. ಒಂದು ಬೆಳೆ ತಪ್ಪಿದರೆ ರೈತನ ಬಾಕಿ ನಿಲ್ಲುತ್ತದೆ, ರೈತನ ಬಾಕಿ ನಿಂತರೆ ಅಂಗಡಿಯವನ ಹಣ ನಿಲ್ಲುತ್ತದೆ. ಆದರೆ ಕಾರಿನ ಸಾಲದ ಮಾಸಿಕ ಕಂತು ಯಾವ ಕಾಲುವೆಯನ್ನೂ ಕಾಯುವುದಿಲ್ಲ. ಆದುದರಿಂದ ಕಾರು ಹಳೆಯದಾಯಿತು ಎಂಬ ಒಂದೇ ಕಾರಣಕ್ಕೆ, ಅಥವಾ ನಾಲ್ಕು ಜನ ಏನೆಂದಾರು ಎಂಬ ಸಂಕೋಚಕ್ಕೆ ಹೊಸ ಸಾಲಕ್ಕೆ ಕೈ ಹಾಕುವುದು ವಿವೇಕವಲ್ಲ. ಹಾಗೆಯೇ, ಲೆಕ್ಕವನ್ನೇ ಇಡದೆ ಹಳೆಯ ಕಾರಿಗೆ ಸುರಿಯುತ್ತ ಹೋಗುವುದೂ ಮಿತವ್ಯಯವಲ್ಲ.

ಒಂದು ಮಾದರಿ ಲೆಕ್ಕ

2005ರಲ್ಲಿ ನೋಂದಣಿಯಾದ ಮಾರುತಿ 800 ಕಾರೊಂದನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಈ ಕಾರು 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದು 2014ರ ಜನವರಿಯಲ್ಲಿ ತಯಾರಿಕೆ ನಿಲ್ಲಿಸಿತು. ಮೂರು ಸಿಲಿಂಡರಿನ 796 ಸಿಸಿ ಎಂಜಿನ್, ಸರಳ ರಚನೆ. ಊರಿನ ಯಾವ ಮೆಕ್ಯಾನಿಕ್‌ಗೂ ಇದರ ಪರಿಚಯವಿದೆ. ಮುಂದಿನ ಐದು ವರ್ಷಗಳಲ್ಲಿ ವರ್ಷಕ್ಕೆ 6,000 ಕಿ.ಮೀ.ನಂತೆ ಒಟ್ಟು 30,000 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳಿ. ಕೆಳಗಿನ ಮೊತ್ತಗಳು ಮಾದರಿಗಾಗಿ ಮಾತ್ರ, ತಮ್ಮ ತಮ್ಮ ಅಂಕಿಗಳನ್ನು ಅಲ್ಲಿ ಸೇರಿಸಿಕೊಳ್ಳತಕ್ಕದ್ದು.

ಆರಂಭದ ದುರಸ್ತಿ ರೂ. 45,000, ಐದು ವರ್ಷಗಳ ನಿರ್ವಹಣೆ ವರ್ಷಕ್ಕೆ ರೂ. 15,000ದಂತೆ ರೂ. 75,000, ನೋಂದಣಿ ನವೀಕರಣ ಶುಲ್ಕ ರೂ. 10,000. ಇಂದೇ ಮಾರಿದ್ದರೆ ಬರಬಹುದಾಗಿದ್ದ ರೂ. 40,000ವನ್ನೂ ಖರ್ಚೆಂದೇ ಹಿಡಿಯಬೇಕು. ಒಟ್ಟು ರೂ. 1,70,000. ಅಂದರೆ ಕಿಲೋಮೀಟರಿಗೆ ರೂ. 5.67.

ಇನ್ನು ಹೊಸ ಕಾರು. ರೂ. 5 ಲಕ್ಷ ಸಾಲ, ಶೇ. 10 ಬಡ್ಡಿ, 60 ಕಂತು. ಮಾಸಿಕ ಕಂತು ಸುಮಾರು ರೂ. 10,624, ಒಟ್ಟು ಪಾವತಿ ಸುಮಾರು ರೂ. 6,37,400. ನಿರ್ವಹಣೆಗೆ ರೂ. 30,000 ಕೂಡಿಸಿ, ಐದು ವರ್ಷಗಳ ನಂತರ ಕಾರಿನ ಬೆಲೆ ರೂ. 2,50,000 ಎಂದು ಕಳೆದರೆ ನಿವ್ವಳ ವೆಚ್ಚ ರೂ. 4,17,400. ಕಿಲೋಮೀಟರಿಗೆ ರೂ. 13.91. ಎರಡಕ್ಕೂ ಇರುವ ಅಂತರ ತಿಂಗಳಿಗೆ ರೂ. 4,100ಕ್ಕೂ ಮಿಗಿಲು. ಇಂಧನ ಮತ್ತು ವಿಮೆಯನ್ನು ಇಲ್ಲಿ ಸೇರಿಸಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದು ಪರಿಹಾರ ಸೆಸ್ ರದ್ದಾಗಿರುವುದು ನಿಜ. ಆದರೆ ಅದೇ ದಿನದಿಂದ ಬಿಡಿಭಾಗಗಳು ಮತ್ತು ಟೈರುಗಳ ಮೇಲಿನ ತೆರಿಗೆಯೂ ಶೇ. 18ಕ್ಕೆ ಬಂದಿದೆ. ರಿಯಾಯಿತಿ ಹೊಸ ಕಾರಿಗೆ ಮಾತ್ರ ಸಿಕ್ಕಿದೆ ಎಂಬ ಜಾಹೀರಾತಿನ ಮಾತು ಅರ್ಧಸತ್ಯ.

ಓಡಾಟ ಹೆಚ್ಚಿದಂತೆ ಈ ಲೆಕ್ಕ ಬದಲಾಗುತ್ತದೆ. ವರ್ಷಕ್ಕೆ ಇಪ್ಪತ್ತು, ಇಪ್ಪತ್ತೈದು ಸಾವಿರ ಕಿ.ಮೀ. ತಿರುಗುವವರಿಗೆ ಹಳೆಯ ಕಾರಿನ ನಿರ್ವಹಣೆಯೂ, ದಾರಿಯಲ್ಲಿ ನಿಂತಾಗ ಕಳೆದುಹೋಗುವ ದಿನಗಳೂ ಬೇರೆಯೇ ಫಲಿತಾಂಶ ನೀಡಬಹುದು.

ಮೊದಲು ಬ್ರೇಕು, ಕೊನೆಗೆ ಬಣ್ಣ

ಹಳೆಯ ಕಾರಿನ ಮೇಲೆ ಹಣ ಹಾಕುವವರು ಸಾಮಾನ್ಯವಾಗಿ ಬಣ್ಣ, ಸೀಟಿನ ಹೊದಿಕೆ, ಸಂಗೀತದ ಪೆಟ್ಟಿಗೆಗಳಿಂದ ಆರಂಭಿಸುತ್ತಾರೆ. ಇದು ಅಡಿಪಾಯ ಬಿಟ್ಟು ಗೋಪುರಕ್ಕೆ ಸುಣ್ಣ ಬಳಿದಂತೆ. ಮೇಲಿನ ರೂ. 45,000ವನ್ನು ಈ ರೀತಿ ಹಂಚಬಹುದು: ನಾಲ್ಕು ಟೈರು 12,000, ಬ್ರೇಕು 6,000, ಸ್ಟೀರಿಂಗ್ ಮತ್ತು ಸಸ್ಪೆನ್ಷನ್ 6,000, ರೇಡಿಯೇಟರ್, ನೀರಿನ ಹೋಸು, ಬೆಲ್ಟುಗಳು 6,000, ಬ್ಯಾಟರಿ 4,000, ಆಯಿಲ್, ಫಿಲ್ಟರ್, ಪ್ಲಗ್, ಇಂಧನದ ಹೋಸು 4,000, ದೀಪ ಮತ್ತು ವೈರಿಂಗ್ 2,000, ಮೀಸಲು 5,000. ಮೀಸಲು ಉಳಿದರೆ ಮಾತ್ರ ಬಣ್ಣದ ಮಾತು.

ನಮ್ಮ ಹವಾಮಾನಕ್ಕೆ ಈ ಕ್ರಮ ಇನ್ನೂ ಅಗತ್ಯ. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ರೇಡಿಯೇಟರೂ ಬ್ಯಾಟರಿಯೂ ಮೊದಲು ಕೈಕೊಡುತ್ತವೆ. ಭತ್ತದ ಹೊಟ್ಟು, ಎರೆಮಣ್ಣಿನ ಧೂಳು ಏರ್ ಫಿಲ್ಟರನ್ನು ಬೇಗ ಮುಚ್ಚುತ್ತವೆ. ಗೋದಾಮಿನ ಬಳಿ ನಿಲ್ಲಿಸಿದ ಕಾರಿನ ವೈರುಗಳನ್ನು ಇಲಿಗಳು ಕಡಿಯುತ್ತವೆ. ಟೈರಿನ ಹೂವು ಸವೆಯದಿದ್ದರೂ ರಬ್ಬರು ಮುದಿಯಾಗುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದ ತಯಾರಿಕೆ.

ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಬೆರೆಸುವ ಗುರಿಯನ್ನು ದೇಶವು 2025ರಲ್ಲಿ ತಲುಪಿತು. ಈ ಮಿಶ್ರಣಕ್ಕೆಂದು ರೂಪಿಸದ ವಾಹನಗಳಲ್ಲಿ ಮೈಲೇಜು ಶೇ. 3ರಿಂದ 6ರವರೆಗೆ ಇಳಿಯಬಹುದೆಂದೂ, ಕೆಲವು ಹಳೆಯ ವಾಹನಗಳಲ್ಲಿ ರಬ್ಬರಿನ ಭಾಗಗಳನ್ನೂ ಗ್ಯಾಸ್ಕೆಟ್‌ಗಳನ್ನೂ ಬದಲಿಸಬೇಕಾಗಬಹುದೆಂದೂ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ತಿಳಿಸಿತು. ಹಳೆಯ ಇಂಧನ ಹೋಸನ್ನು ಬದಲಿಸಲು ಕೆಲವೇ ನೂರು ರೂಪಾಯಿ ಸಾಕು. ಅದು ಸೀಳಿ ಪೆಟ್ರೋಲು ಬಿಸಿ ಎಂಜಿನ್ನಿನ ಮೇಲೆ ಸುರಿದರೆ ಕಾರೇ ಉಳಿಯುವುದಿಲ್ಲ.

ಮನೆಯಲ್ಲಿ ಯಾವುದು, ಗ್ಯಾರೇಜಿನಲ್ಲಿ ಯಾವುದು

ಏರ್ ಫಿಲ್ಟರ್, ಪ್ಲಗ್, ವೈಪರ್, ಬಲ್ಬು, ಫ್ಯೂಸು ಬದಲಿಸುವುದು, ಬ್ಯಾಟರಿ ಟರ್ಮಿನಲ್ ಶುಚಿಗೊಳಿಸುವುದು, ಕೂಲಂಟ್ ಹಾಗೂ ಟೈರಿನ ಗಾಳಿ ನೋಡಿಕೊಳ್ಳುವುದು, ನೆಲಹಾಸು ತೆಗೆದು ತುಕ್ಕು ಪರೀಕ್ಷಿಸುವುದು ಇವೆಲ್ಲ ಮನೆಯಂಗಳದ ಕೆಲಸಗಳು. ಭಾನುವಾರದ ಎರಡು ಗಂಟೆ ಮತ್ತು ಒಂದು ಪಾನಾ ಸೆಟ್ ಸಾಕು. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆಯಬಾರದು. ಕೇವಲ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಎಂದಿಗೂ ನುಸುಳಬಾರದು. ತೆಗೆದ ಆಯಿಲನ್ನು ಚರಂಡಿಗೋ ಕಾಲುವೆಗೋ ಸುರಿಯದೆ ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಬೇಕು. ಆ ಕಾಲುವೆಯ ನೀರೇ ನಮ್ಮ ಅನ್ನ.

ಬ್ರೇಕು, ಸ್ಟೀರಿಂಗು, ಟೈಮಿಂಗ್ ಬೆಲ್ಟು, ಅನಿಲ ಕಿಟ್ಟು ಇವು ಮಾತ್ರ ಬಲ್ಲವರ ಕೈಗೇ ಸೇರತಕ್ಕವು. ಕೂಲಿ ಉಳಿಸಲು ಹೋಗಿ ಜೀವ ಪಣಕ್ಕಿಡುವುದು ಉಳಿತಾಯವಲ್ಲ. ಬಿಡಿಭಾಗಗಳ ವಿಷಯದಲ್ಲಿಯೂ ಅಷ್ಟೇ. ಅಗ್ಗದ ಆಸೆಗೆ ಮುಗ್ಗಲು ಜೋಳ ಕೊಂಡಂತೆ ನಕಲಿ ಬ್ರೇಕ್ ಪ್ಯಾಡು ಕೊಳ್ಳಬಾರದು. ಬಿಲ್ಲು ಕೊಡುವ ಅಂಗಡಿಯಲ್ಲಿಯೇ ಖರೀದಿಸಿ. ದುರಸ್ತಿಯೆಂದರೆ ಮೂಲ ಸ್ಥಿತಿಗೆ ತರುವುದೇ ಹೊರತು ಕಾರಿನ ರೂಪ ಬದಲಿಸುವುದಲ್ಲ. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ.

ಕಾಗದಪತ್ರಗಳು

ಹದಿನೈದು ವರ್ಷವಾದ ಕಾರನ್ನು ಗುಜರಿಗೆ ಹಾಕಲೇಬೇಕೆಂಬ ವದಂತಿ ನಮ್ಮಲ್ಲಿ ಹರಡಿದೆ. ಇದು ಸರಿಯಲ್ಲ. ವಯಸ್ಸಿನ ಆಧಾರದ ನಿರ್ಬಂಧ ಬಂದದ್ದು ದೆಹಲಿ ರಾಜಧಾನಿ ವಲಯಕ್ಕೆ. 2023ರ ಏಪ್ರಿಲ್ 1ರಿಂದ ನೋಂದಣಿ ಕಳೆದುಕೊಂಡವು ಸರ್ಕಾರಿ ವಾಹನಗಳು. ನಮ್ಮ ಖಾಸಗಿ ಕಾರಿಗೆ ಮೋಟಾರು ವಾಹನ ಕಾಯ್ದೆ, 1988ರಂತೆ ನೋಂದಣಿ ಹದಿನೈದು ವರ್ಷ ಊರ್ಜಿತವಿದ್ದು, ನಂತರ ತಪಾಸಣೆಗೊಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬೇಕು. ತಡವಾದರೆ ತಿಂಗಳಿಗೆ ರೂ. 500ರಂತೆ ಹೆಚ್ಚುವರಿ ಶುಲ್ಕವಿದೆ. ರಾಜ್ಯದ ಹಸಿರು ತೆರಿಗೆ ಪ್ರತ್ಯೇಕ.

ನವೀಕರಣವನ್ನು ಅಲಕ್ಷಿಸುವುದು ಅಪಾಯಕರ. ಊರ್ಜಿತ ನೋಂದಣಿಯಿಲ್ಲದೆ ಓಡುತ್ತಿದ್ದ ವಾಹನದ ಅಪಘಾತದಲ್ಲಿ ಮಾಲೀಕನಿಗೆ ವಿಮಾ ಪರಿಹಾರ ದೊರೆಯದೆಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪು ನೀಡಿದೆ. ಆದುದರಿಂದ ದುರಸ್ತಿಯ ಮೊದಲ ರೂಪಾಯಿ ಖರ್ಚಾಗುವ ಮುನ್ನ ನೋಂದಣಿ, ವಿಮೆ, ಹೊಗೆ ಪ್ರಮಾಣಪತ್ರ ಮೂರನ್ನೂ ಪರಿಶೀಲಿಸಿಕೊಳ್ಳತಕ್ಕದ್ದು.

ತೆರಿಗೆಯ ಕೆಲವು ಅಂಶಗಳು

ಕಾರು ವ್ಯಾಪಾರದ ಆಸ್ತಿಯಾಗಿದ್ದರೆ ದುರಸ್ತಿ ವೆಚ್ಚವನ್ನು ವ್ಯಾಪಾರದ ಬಳಕೆಯ ಪ್ರಮಾಣದಷ್ಟು ಕಳೆಯಬಹುದು. ಇರುವುದನ್ನು ಉಳಿಸಿಕೊಳ್ಳುವ ಖರ್ಚು ಮಾತ್ರ ಚಾಲ್ತಿ ದುರಸ್ತಿ. ಚಿತ್ರಮಂದಿರವೊಂದರ ಸಮಗ್ರ ನವೀಕರಣವು ಚಾಲ್ತಿ ದುರಸ್ತಿಯಲ್ಲವೆಂದು ಸುಪ್ರೀಂ ಕೋರ್ಟು 1997ರಲ್ಲಿ ಹೇಳಿದ್ದು ಕಾರಿಗೂ ಅನ್ವಯಿಸುವ ವಿಚಾರಸರಣಿ. ವಹಿವಾಟಿನ ಶೇ. 8 ಅಥವಾ ಶೇ. 6ನ್ನು ಲಾಭವೆಂದು ಘೋಷಿಸುವ ಅಂದಾಜು ಆದಾಯ ಪದ್ಧತಿಯಲ್ಲಿರುವ ಸಣ್ಣ ವರ್ತಕರಿಗೆ ಈ ಕಡಿತ ಪ್ರತ್ಯೇಕವಾಗಿ ಸಿಗದು. ಕಾರು ದುರಸ್ತಿಯ ಮೇಲೆ ತೆತ್ತ ಜಿಎಸ್‌ಟಿಗೆ ವಾಹನ ಮಾರಾಟ, ಪ್ರಯಾಣಿಕರ ಸಾಗಣೆ, ಚಾಲನಾ ತರಬೇತಿ ವ್ಯವಹಾರದವರನ್ನು ಬಿಟ್ಟು ಸಾಮಾನ್ಯ ವರ್ತಕರಿಗೆ ಹೂಡುವಳಿ ತೆರಿಗೆ ಜಮೆಯೂ ಇಲ್ಲ. ಒಂದೇ ದಿನ ಒಬ್ಬರಿಗೆ ರೂ. 10,000 ಮೀರಿ ನಗದು ಕೊಟ್ಟರೆ ಆ ಖರ್ಚು ಒಪ್ಪಿತವಾಗದು.

ಐದು ಲಕ್ಷದ ಕಾರಿಗೆ ವರ್ಷಕ್ಕೆ ಶೇ. 15ರ ಸವಕಳಿ ಬರೆದರೆ ಹದಿನೈದು ವರ್ಷಗಳ ನಂತರ ಪುಸ್ತಕದಲ್ಲಿ ಉಳಿಯುವುದು ಸುಮಾರು ರೂ. 43,700. ಜಿಎಸ್‌ಟಿ ನೋಂದಾಯಿತ ವರ್ತಕರು ಅದನ್ನು ರೂ. 60,000ಕ್ಕೆ ಮಾರಿದರೆ, ಇವೆರಡರ ಅಂತರದ ಮೇಲೆ ಮಾತ್ರ ಶೇ. 18ರಂತೆ ಸುಮಾರು ರೂ. 2,900 ತೆರಿಗೆ. ಪೂರ್ತಿ ಬೆಲೆಯ ಮೇಲಲ್ಲ.

ಎಲ್ಲಿ ನಿಲ್ಲಿಸಬೇಕು

ಮೂರು ಸಂದರ್ಭಗಳಲ್ಲಿ ಹಳೆಯ ಕಾರಿನ ಮೋಹ ಬಿಡುವುದೇ ಲೇಸು. ಕಾರಿನ ತಳಭಾಗ ತುಕ್ಕು ತಿಂದು ಬಲ ಕಳೆದುಕೊಂಡಿದ್ದರೆ ಬಿಡಬೇಕು. ಆರಂಭದ ದುರಸ್ತಿಯ ನಂತರವೂ ಒಂದು ವರ್ಷದ ದುರಸ್ತಿ ವೆಚ್ಚ ಕಾರಿನ ಮಾರುಕಟ್ಟೆ ಬೆಲೆಯನ್ನು ಮೀರಿದರೆ ಬಿಡಬೇಕು. ಕುಟುಂಬ ಸಮೇತ ರಾತ್ರಿ ವೇಳೆ ಹೆದ್ದಾರಿಯ ದೂರ ಪ್ರಯಾಣ ಪದೇ ಪದೇ ಇದ್ದರೂ ಬಿಡಬೇಕು. ಹೊಸ ಕಾರುಗಳಲ್ಲಿ 2019ರಿಂದ ಎಬಿಎಸ್ ಬ್ರೇಕೂ ಚಾಲಕನ ಏರ್‌ಬ್ಯಾಗೂ ಕಡ್ಡಾಯವಾಗಿವೆ. 2005ರ ಮಾರುತಿ 800ಕ್ಕೆ ಎಷ್ಟು ಖರ್ಚು ಮಾಡಿದರೂ ಅವು ಬರುವುದಿಲ್ಲ. ಈ ಕೊರತೆಯನ್ನು ಯಾವ ಲೆಕ್ಕದ ಪುಸ್ತಕವೂ ತುಂಬಿಕೊಡಲಾರದು.

ಸರ್ಕಾರಕ್ಕೂ, ಸಂಸ್ಥೆಗೂ ಒಂದು ಸಲಹೆ

ಕಾರಿನ ನೋಂದಣಿ ನವೀಕರಣ ಶುಲ್ಕವು 2022ರ ಏಪ್ರಿಲ್ 1ರಿಂದ ರೂ. 600ರಿಂದ ರೂ. 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ, ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ ಅದು ರೂ. 10,000ವಾಯಿತು. ಮಾಲಿನ್ಯ ತಗ್ಗಿಸುವ ಉದ್ದೇಶವನ್ನು ಯಾರೂ ಅಲ್ಲಗಳೆಯಲಾರರು. ಹಳೆಯ ಎಂಜಿನ್ ಪ್ರತಿ ಕಿಲೋಮೀಟರಿಗೆ ಹೆಚ್ಚು ಹೊಗೆ ಉಗುಳುವುದೂ ದಿಟ. ಆದರೆ ವರ್ಷಕ್ಕೆ ಆರು ಸಾವಿರ ಕಿ.ಮೀ. ಓಡುವ, ಸುಸ್ಥಿತಿಯಲ್ಲಿರುವ ಕಾರಿಗೂ ಮೂವತ್ತು ಸಾವಿರ ಕಿ.ಮೀ. ಓಡುವ, ಹೊಗೆ ಕಾರುವ ಕಾರಿಗೂ ಒಂದೇ ಶುಲ್ಕ ವಿಧಿಸುವುದು ನ್ಯಾಯವೆನಿಸದು. ತಪಾಸಣೆ ಕಠಿಣವಾಗಿರಲಿ; ತೇರ್ಗಡೆಯಾದ ಕಾರಿಗೆ ಶುಲ್ಕ ಸೌಮ್ಯವಾಗಿರಲಿ. ವಾಹನದ ಸ್ಥಿತಿಗೆ ತೆರಿಗೆ ಹಾಕಬೇಕೇ ವಿನಾ ಅದರ ಜನ್ಮಪತ್ರಿಕೆಗಲ್ಲ.

ಈ ನಿಟ್ಟಿನಲ್ಲಿ ವಾಣಿಜ್ಯ ಸಂಸ್ಥೆಯು ಸಾರಿಗೆ ಇಲಾಖೆಗೆ ಮನವಿ ಸಲ್ಲಿಸುವುದು ಉಚಿತ. ಜೊತೆಗೆ, ಮೂರೂ ಪಟ್ಟಣಗಳಲ್ಲಿ ಬೇಸಿಗೆಗೆ ಮುನ್ನ ಸ್ಥಳೀಯ ಮೆಕ್ಯಾನಿಕ್‌ಗಳ ಸಹಕಾರದೊಡನೆ ಅರ್ಧ ದಿನದ ವಾಹನ ತಪಾಸಣಾ ಶಿಬಿರ ಏರ್ಪಡಿಸಿದರೆ ಸದಸ್ಯರಿಗೆ ಕಾರಿನ ಸ್ಥಿತಿ ತಿಳಿಯುತ್ತದೆ, ಗ್ಯಾರೇಜಿನವರಿಗೆ ಬಿಲ್ಲಿನ ವ್ಯವಹಾರದ ರೂಢಿಯಾಗುತ್ತದೆ. ಅಲ್ಲಿಯವರೆಗೆ ಸದಸ್ಯರು ಮಾಡಬಹುದಾದ ಕೆಲಸ ಒಂದಿದೆ. ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ ಕಾರಿನಲ್ಲಿ ಇಡಿ. ದಿನಾಂಕ, ಕಿಲೋಮೀಟರು, ಕೆಲಸ, ಮೊತ್ತ ಈ ನಾಲ್ಕು ಅಂಕಣ ಬರೆಯುತ್ತ ಬನ್ನಿ. ವರ್ಷದ ಕೊನೆಗೆ ಕೂಡಿಸಿ, ಓಡಿದ ಕಿಲೋಮೀಟರಿನಿಂದ ಭಾಗಿಸಿ. ಕಾರನ್ನು ಉಳಿಸಿಕೊಳ್ಳಬೇಕೇ ಬಿಡಬೇಕೇ ಎಂಬುದಕ್ಕೆ ಆ ಅಂಕಿಯೇ ಉತ್ತರ ಹೇಳುತ್ತದೆ.