ಹಾಡಿಗೂ ಲೆಕ್ಕ ಕೊಡಬೇಕೇ?

ಸಂಗೀತ ಕೇಳಿದರೆ ರಕ್ತದೊತ್ತಡ ಇಳಿಯುತ್ತದೆ, ಕವಿತೆ ಓದಿದರೆ ಏಕಾಗ್ರತೆ ಹೆಚ್ಚುತ್ತದೆ, ಪ್ರವಾಸ ಹೋಗಿಬಂದರೆ ಸೋಮವಾರ ಹುರುಪಿನಿಂದ ಕೆಲಸ ಮಾಡಬಹುದು. ಕಚೇರಿಯ ವೆಲ್‌ನೆಸ್ ಭಾಷಣಗಳಲ್ಲಿ ಈ ಮಾತುಗಳನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಒತ್ತಡ ಇಳಿಯಬಹುದು, ಏಕಾಗ್ರತೆ ಹೆಚ್ಚಬಹುದು, ನನ್ನ ತಕರಾರು ಅದಲ್ಲ. ಸಂತೋಷವೂ ತನ್ನ ಉಪಯೋಗದ ಪ್ರಮಾಣಪತ್ರ ತೋರಿಸಿಯೇ ಒಳಗೆ ಬರಬೇಕು ಎಂಬ ಕಟ್ಟಳೆ ಇದೆಯಲ್ಲ, ಅದರ ಮೇಲೆ ನನ್ನ ಸಿಟ್ಟು.

ನನ್ನೂರು ಗದಗ ಸೀಮೆ. ಎಂಟೆಕ್ ಓದಿ, ಹನ್ನೊಂದು ವರ್ಷದಿಂದ ನಾಸಿಕದಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದೇನೆ. ಅಂದರೆ ಬೇರೆಯವರ ಗಂಟೆಗಳನ್ನು ಎಣಿಸುವುದು ನನ್ನ ಕಸುಬು. ಗಿರಾಕಿಯ ಕಾರ್ಖಾನೆ ಛತ್ರಪತಿ ಸಂಭಾಜಿನಗರದ ವಾಳೂಜ್‌ನಲ್ಲಿ ಇರುವುದರಿಂದ ತಿಂಗಳಿಗೆ ಎರಡು ಸಲವಾದರೂ ಯೇವಲಾ, ವೈಜಾಪುರದ ದಾರಿ ಹಿಡಿಯುತ್ತೇನೆ. ಎಣಿಕೆ ಎಲ್ಲಿ ಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತು. ಎಲ್ಲಿ ಬೇಡ ಎಂದು ಹೇಳುವ ಹಕ್ಕೂ ಆ ಕಾರಣಕ್ಕೇ ನನಗಿದೆ ಅಂದುಕೊಂಡಿದ್ದೇನೆ.

ಸಂಭಾಜಿನಗರದಿಂದ ಎಲ್ಲೋರಾಕ್ಕೆ ಹೋಗುವ ದಾರಿಯಲ್ಲಿ ದೌಲತಾಬಾದ್ ಕೋಟೆ ಸಿಗುತ್ತದೆ. ಹಳೆಯ ಹೆಸರು ದೇವಗಿರಿ, ಸೇವುಣ ಯಾದವರ ರಾಜಧಾನಿ. ಕನ್ನಡದಲ್ಲೂ ಶಾಸನ ಬರೆಸಿದ ಮನೆತನ ಅದು. ಅಲ್ಲಿನ ಗೈಡ್‌ಗಳು ತೋಪು, ಕಂದಕ, ಕತ್ತಲೆಯ ಸುರಂಗ, 1327ರಲ್ಲಿ ರಾಜಧಾನಿಯನ್ನೇ ಎತ್ತಿಕೊಂಡು ಬಂದ ತುಘಲಕ್, ಎಲ್ಲವನ್ನೂ ಹೇಳುತ್ತಾರೆ. ಶಾರ್ಙ್ಗದೇವನ ಹೆಸರನ್ನು ಅವರ ಬಾಯಲ್ಲಿ ನಾನು ಒಮ್ಮೆಯೂ ಕೇಳಿಲ್ಲ. 13ನೇ ಶತಮಾನದಲ್ಲಿ, ಸಿಂಘಣನ ಕಾಲದಲ್ಲಿ, ಅವನು ಇಲ್ಲಿ ಅಧಿಕಾರಿಯಾಗಿದ್ದ. ಅಜ್ಜ ಕಾಶ್ಮೀರ ಬಿಟ್ಟು ದಕ್ಷಿಣಕ್ಕೆ ಬಂದವನು. ನಮ್ಮ ಹಾಗೆ ಹೊಟ್ಟೆಪಾಡಿಗೆ ಊರು ಬಿಟ್ಟವರೇ ಅನ್ನಿ. ಶಾರ್ಙ್ಗದೇವನ ಹುದ್ದೆ ಅರಮನೆಯ ಲೆಕ್ಕಪತ್ರದ್ದು. ಆ ಲೆಕ್ಕಿಗ ಬರೆದದ್ದು 'ಸಂಗೀತರತ್ನಾಕರ'. ಸ್ವರದಿಂದ ಹಿಡಿದು ನರ್ತನದವರೆಗೆ ಏಳು ಅಧ್ಯಾಯ. ಹಿಂದೂಸ್ತಾನಿಯವರೂ ಕರ್ನಾಟಕ ಸಂಗೀತದವರೂ ಇಂದಿಗೂ ತಮ್ಮದೆನ್ನುವ ಗ್ರಂಥ. 'ಟೈಮಿಲ್ಲ ಸರ್, ಡೆಡ್‌ಲೈನ್ ಇದೆ' ಎನ್ನುವ ನನ್ನ ತಂಡದ ಹುಡುಗರಿಗೆ ನಾನು ಇವನ ಕತೆ ಹೇಳುತ್ತೇನೆ. ರಾಜನ ಖಜಾನೆಗಿಂತ ದೊಡ್ಡ ಡೆಡ್‌ಲೈನ್ ಯಾರದಿತ್ತು?

ಅವನೂ ಸಂಗೀತಕ್ಕೆ ಫಲ ಹೇಳಿದ್ದಾನಲ್ಲ ಎಂದು ಬಲ್ಲವರು ಆಕ್ಷೇಪಿಸಬಹುದು. ಹೌದು, ಧರ್ಮ, ಅರ್ಥ, ಕಾಮ, ಮೋಕ್ಷ ನಾಲ್ಕೂ ಅದರಿಂದ ಸಿಗುತ್ತವೆ ಎನ್ನುತ್ತಾನೆ. ಮೋಕ್ಷವನ್ನು ಎಕ್ಸೆಲ್ ಹಾಳೆಯ ಯಾವ ಕಾಲಂನಲ್ಲಿ ತುಂಬುತ್ತೀರಿ, ಹೇಳಿ.

ಇದು ಕಚೇರಿಯ ಮಾತಷ್ಟೇ ಆಗಿದ್ದರೆ ನಕ್ಕು ಬಿಡುತ್ತಿದ್ದೆ. ಮಕ್ಕಳ ತನಕ ಬಂದಿದೆ. ಶಾಸ್ತ್ರೀಯ ಸಂಗೀತದ ಪರೀಕ್ಷೆ ಪಾಸು ಮಾಡಿದ ಮಕ್ಕಳಿಗೆ ಮಹಾರಾಷ್ಟ್ರದ ಹತ್ತನೇ ತರಗತಿಯಲ್ಲಿ ಹೆಚ್ಚುವರಿ ಅಂಕ ಸಿಗುತ್ತದೆ. ನಿಯಮ ಸದುದ್ದೇಶದ್ದೇ. ಆದರೆ ನಮ್ಮ ಸುತ್ತಮುತ್ತ ಏನಾಗುತ್ತಿದೆ ನೋಡಿ: ಅಂಕಕ್ಕೆ ಬೇಕಾದಷ್ಟು ರಾಗ ಕಲಿತು, ಪ್ರಮಾಣಪತ್ರ ಕೈಗೆ ಬಂದ ವಾರವೇ ಹಾರ್ಮೋನಿಯಂ ಅಟ್ಟ ಸೇರುತ್ತದೆ, ಮಗು ಜೆಇಇ ಕೋಚಿಂಗ್ ಸೇರುತ್ತದೆ. ನನ್ನ ಮಗಳು ಈಗ ಒಂಬತ್ತನೇ ತರಗತಿ. ಭೂಪ್ ಹಾಡಲು ಕೂತರೆ ಊಟ ಮರೆಯುತ್ತಾಳೆ, ಪರೀಕ್ಷೆ ಬೇಡ ಎನ್ನುತ್ತಾಳೆ. ನಮ್ಮ ಮಾವನವರು ಗದಗಿನಿಂದ ಫೋನಿನಲ್ಲೇ ಕೇಳಿದರು: 'ಅಲ್ರೀ, ಪರೀಕ್ಷಾ ಕಟ್ಟೂದಿಲ್ಲಂದ್ರ ಫೀ ಯಾಕ ಕಟ್ಟೂದು?' ಪ್ರಶ್ನೆ ಪ್ರೀತಿಯದೇ. ನನ್ನ ಉತ್ತರವನ್ನೂ ಹೇಳಿದ್ದೇನೆ: ಪರೀಕ್ಷೆಗೆ ಕೂರಿಸುವುದಿಲ್ಲ, ಪಾಠ ಬಿಡಿಸುವುದೂ ಇಲ್ಲ. ಹತ್ತನೆಯದು ಬರಲಿ, ಹನ್ನೆರಡನೆಯದು ಬರಲಿ.

ಸಂಗೀತ ಪರೀಕ್ಷೆಗಳನ್ನು ನಾನು ಹೀಗಳೆಯುತ್ತಿಲ್ಲ. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದ ವಿಷ್ಣು ದಿಗಂಬರ ಪಲುಸ್ಕರರು ಮುಂದೆ ನಾಸಿಕದಲ್ಲೇ ಆಶ್ರಮ ಮಾಡಿಕೊಂಡಿದ್ದರು. ಅವರ ಮಗ ಡಿ. ವಿ. ಪಲುಸ್ಕರ್ ಹುಟ್ಟಿದ್ದು 1921ರಲ್ಲಿ ಇದೇ ಊರಲ್ಲಿ. ಸಾಮಾನ್ಯರ ಮನೆಯ ಮಕ್ಕಳೂ ತಂಬೂರಿ ಹಿಡಿದು ಕೂರುವಂತಾದದ್ದು ಅಂಥವರ ಶಾಲೆಗಳಿಂದ. ಆ ಶಾಲೆಯ ಬಾಗಿಲನ್ನು ಅಂಕದ ಅಂಗಡಿ ಮಾಡಿಕೊಂಡವರು ಪಾಲಕರು, ಅಂದರೆ ನನ್ನ ವಯಸ್ಸಿನವರು.

ಕವಿತೆಯ ಗತಿಯೂ ಹೆಚ್ಚು ಕಡಿಮೆ ಇದೇ. ಫೆಬ್ರುವರಿ 27ಕ್ಕೆ ನಾಸಿಕದ ಕುಸುಮಾಗ್ರಜರು, ಜನವರಿ 31ಕ್ಕೆ ನಮ್ಮ ಬೇಂದ್ರೆ. ಮಾರನೇ ದಿನ ಇಬ್ಬರನ್ನೂ ಯಾರೂ ಓದುವುದಿಲ್ಲ.

ಇನ್ನು ನಮ್ಮ ಕನ್ನಡದವರ ಸರದಿ. ನವೆಂಬರ್ ಬಂತೆಂದರೆ ವೇದಿಕೆಯಿಂದ ಕವಿರಾಜಮಾರ್ಗದ ಗೋದಾವರಿ ಹರಿಯತೊಡಗುತ್ತದೆ. ಕನ್ನಡ ನಾಡಿನ ಬಡಗಣ ಎಲ್ಲೆ ಈ ನದಿ ಎಂದು 9ನೇ ಶತಮಾನದಲ್ಲೇ ಬರೆದಿಟ್ಟದ್ದು ನಿಜ. ಆದರೆ ತ್ರ್ಯಂಬಕದಲ್ಲಿ ಹುಟ್ಟಿ ಇಳಿದು ಬರುವ ಆ ನದಿಯ ದಂಡೆಯಲ್ಲಿ ಒಂದು ಸಂಜೆ ಸುಮ್ಮನೆ ಕೂರಲು ಕರೆದರೆ ಭಾಷಣ ಮಾಡಿದವರಿಗೆ ಪುರುಸೊತ್ತಿಲ್ಲ. ಊರಿಂದ ಬರುವ ನೆಂಟರದೂ ಹೀಗೆಯೇ. ಎಲ್ಲೋರಾದ ಕೈಲಾಸದ ಮುಂದೆ ನಿಂತು 'ನಮ್ಮ ರಾಷ್ಟ್ರಕೂಟರದ್ದು' ಎಂದು ಒಂದು ಸೆಲ್ಫಿ, ಹೆಚ್ಚೆಂದರೆ ನಲವತ್ತು ನಿಮಿಷ. ಆಮೇಲೆ ಬೀಬಿ ಕಾ ಮಕ್ಬರಾ, ರಾತ್ರಿಯೊಳಗೆ ಶಿರಡಿ. ಒಂದನೇ ಕೃಷ್ಣನ ಕಾಲದಲ್ಲಿ ಶಿಲ್ಪಿಗಳು ಗುಡ್ಡವನ್ನು ತುದಿಯಿಂದ ಕೆಳಕ್ಕೆ ಕಡಿಯುತ್ತ ಬಂದ ಆ ಗುಡಿಗೆ ಪಟ್ಟದಕಲ್ಲಿನ ವಿರೂಪಾಕ್ಷನ ಹೋಲಿಕೆಯಿದೆ. ವಿರೂಪಾಕ್ಷನ ಗುಡಿ ಕಟ್ಟಿಸಿದವಳು ಚಾಲುಕ್ಯರ ರಾಣಿ ಲೋಕಮಹಾದೇವಿ. ರಾಷ್ಟ್ರಕೂಟರು ಗೆದ್ದದ್ದು ಅದೇ ಚಾಲುಕ್ಯರನ್ನು! ಸೋತವರ ಗುಡಿಯ ಚೆಲುವು ಗೆದ್ದವರ ಕಣ್ಣಿಂದ ಹೋಗಲಿಲ್ಲ ಎಂದೇ ನಾನು ಓದಿಕೊಳ್ಳುತ್ತೇನೆ. ಅಭಿಮಾನದ ನಲವತ್ತು ನಿಮಿಷದಲ್ಲಿ ಇದು ಕಾಣುವುದಿಲ್ಲ. ಮಧ್ಯಾಹ್ನದ ಬಿಸಿಲು ಓರೆಯಾಗಿ ಆನೆಗಳ ಸಾಲಿನ ಮೇಲೆ ಬೀಳುವ ತನಕ ಕೂರಬೇಕು. (ಮಂಗಳವಾರ ಮಾತ್ರ ಹೋಗಬೇಡಿ, ರಜೆ.)

'ನಿಮಗೇನು, ಎಸಿ ಕಾರಿನಲ್ಲಿ ಕೂತು ಹೇಳುತ್ತೀರಿ. ಮರಾಠವಾಡದ ಬರದ ರೈತನಿಗೆ ಹೇಳಿ ನೋಡೋಣ' ಎಂದು ಗೆಳೆಯರೊಬ್ಬರು ಚುಚ್ಚಿದರು. ಚುಚ್ಚಬೇಕಾದ ಮಾತೇ. ಆದರೆ ಸುಖ ಉಳ್ಳವರ ಸೊತ್ತು ಎಂಬ ನಂಬಿಕೆ ಬಡವರ ಬಗ್ಗೆ ಏನೂ ತಿಳಿಯದವರದು. ಹೇಮಾ ರಾಯಿರ್ಕರ್, ಗೀ ಪ್ವಾತೆವ್ಯಾಂ ಮತ್ತು ಅವರ ಜತೆಗಾರರು ಮಹಾರಾಷ್ಟ್ರದ ಹಳ್ಳಿಗಳಲ್ಲಿ ಹೆಂಗಸರಿಂದ ಕೇಳಿ ಬರೆದುಕೊಂಡ ಬೀಸುಕಲ್ಲಿನ ಹಾಡುಗಳೇ ಒಂದು ಲಕ್ಷಕ್ಕೂ ಹೆಚ್ಚು. ನಮ್ಮ ಅಜ್ಜಿಯರ ಬೀಸುವ ಪದದ ಅಕ್ಕತಂಗಿಯರು ಅವು. ದಣಿವು ತಿಳಿಯದಿರಲೆಂದು ಹಾಡಿದರು ಎನ್ನುವುದು ಅರ್ಧ ಮಾತು. ಹಿಟ್ಟಿಗೆ ಒಂದು ಲಕ್ಷ ಹಾಡು ಬೇಕಿರಲಿಲ್ಲ.

ಈಗ ಶರತ್ಕಾಲ. ಮಳೆ ತೊಳೆದಿಟ್ಟ ಆಕಾಶ. ನಾಸಿಕದ ಸುತ್ತ ದ್ರಾಕ್ಷಿ ಬಳ್ಳಿಗೆ ಅಕ್ಟೋಬರಿನ ಕತ್ತರಿ ಬೀಳುತ್ತಿದೆ. ದಾರಿಯುದ್ದಕ್ಕೂ ಮೆಕ್ಕೆಜೋಳದ ರಾಶಿ, ವೈಜಾಪುರ ದಾಟಿದರೆ ಬಾಯಿಬಿಟ್ಟ ಹತ್ತಿ. ಈ ದಾರಿಯಲ್ಲಿ ನಾನು ಮೀಟಿಂಗಿನ ಕರೆ ತೆಗೆದುಕೊಳ್ಳುವುದಿಲ್ಲ. ಗದಗ ಸೀಮೆಯಲ್ಲೇ ಹುಟ್ಟಿದ ಭೀಮಸೇನ ಜೋಶಿಯವರ ಅಭಂಗ ಹಾಕುತ್ತೇನೆ. ಡ್ರೈವರ್ ಮರಾಠಿಯವರು, ಹಾಡು ಅವರ ಭಾಷೆಯದು, ದನಿ ನಮ್ಮ ಕಡೆಯದು. ಇಬ್ಬರೂ ಮಾತಾಡುವುದಿಲ್ಲ.

ಇವರ ಕೋಜಾಗಿರಿ, ನಮ್ಮ ಶೀಗಿ ಹುಣ್ಣಿಮೆ, ಎರಡಕ್ಕೂ ಒಂದೇ ಚಂದಿರ. ಅಲ್ಲಿ ಹೊಲಕ್ಕೆ ಚರಗ ಚೆಲ್ಲಿ ಬದುವಿನಲ್ಲಿ ಕೂತು ಉಣ್ಣುತ್ತಾರೆ. ಇಲ್ಲಿ ಕೇಸರಿ ಹಾಲು ಕಾಯಿಸಿ ಬೆಳದಿಂಗಳಲ್ಲಿ ಕುಡಿಯುತ್ತಾರೆ. ಈ ಸಲ ನಮ್ಮ ಸೊಸೈಟಿಯ ತಾರಸಿಯಲ್ಲಿ ಎರಡನ್ನೂ ಸೇರಿಸೋಣ, ಸಜ್ಜೆ ರೊಟ್ಟಿ ನಾವು ತರುತ್ತೇವೆ, ಮಕ್ಕಳು ಹಾಡಲಿ ಎಂದು ಅರ್ಜಿ ಕೊಟ್ಟಿದ್ದೇನೆ. ಅರ್ಜಿಯ ಫಾರಂನಲ್ಲಿ 'ಕಾರ್ಯಕ್ರಮದ ಉದ್ದೇಶ' ಅಂತ ಒಂದು ಗೆರೆ ಇತ್ತು. ಅದನ್ನು ಖಾಲಿ ಬಿಟ್ಟೆ. ಕಾರ್ಯದರ್ಶಿಗಳು ಎರಡು ಸಲ ಫೋನ್ ಮಾಡಿ ಕೇಳಿದ್ದಾರೆ, ಇನ್ನೂ ತುಂಬಿಲ್ಲ.