ಈಟಿಗೋವಿ: ಮೀನುಗಾರಿಕೆಯ ಸಾಧನವೇ, ಆಯುಧವೇ?

ವಿದೇಶದಲ್ಲಿ ಓದುತ್ತಿರುವ ನಮ್ಮ ಬಂಧುಗಳ ಮಗನೊಬ್ಬ ರಜೆಗೆ ಚೆನ್ನೈಗೆ ಬರುವ ಮುನ್ನ ದೂರವಾಣಿಯಲ್ಲಿ ಕೇಳಿದ: “ಮಾವ, ನೀರಿನೊಳಗೆ ಮೀನು ಹೊಡೆಯುವ ಈಟಿಗೋವಿಯನ್ನು ತರಬಹುದೇ? ನೀಲಾಂಕರೈ ಕಡಲಿನಲ್ಲಿ ಮುಳುಗಬೇಕೆಂದಿದ್ದೇನೆ.” ಪ್ರಶ್ನೆ ಚಿಕ್ಕದು, ಉತ್ತರ ಮಾತ್ರ ಸುಲಭವಾಗಿ ಸಿಗಲಿಲ್ಲ.

ರಬ್ಬರ್ ಪಟ್ಟಿಯ ಸೆಳೆತದಿಂದಲೋ ಅದುಮಿದ ಗಾಳಿಯಿಂದಲೋ ಉಕ್ಕಿನ ಈಟಿಯನ್ನು ಚಿಮ್ಮಿಸುವ ಸಾಧನವಿದು. ಸ್ಫೋಟಕದಿಂದಾಗಲಿ ಇತರ ಬಗೆಯ ಶಕ್ತಿಯಿಂದಾಗಲಿ ಗುರಿಯತ್ತ ವಸ್ತುವನ್ನು ಹಾರಿಸುವ ಶಸ್ತ್ರಗಳೆಲ್ಲವನ್ನೂ 1959ರ ಶಸ್ತ್ರಾಸ್ತ್ರ ಕಾಯ್ದೆಯು ಬಂದೂಕಿನ ವರ್ಗಕ್ಕೆ ಸೇರಿಸುತ್ತದೆ. ಆದರೆ ಅದು ಮೊದಲು ದಾಳಿಗೋ ರಕ್ಷಣೆಗೋ ರೂಪಿಸಿದ ಆಯುಧವಾಗಿರಬೇಕು. ಮೀನು ಹಿಡಿಯಲೆಂದೇ ಮಾಡಿದ್ದು ಆಯುಧವಲ್ಲವೆಂದು ವಾದಿಸಬಹುದು. ತಪಾಸಣೆಯ ಅಧಿಕಾರಿ ಆ ವಾದವನ್ನು ಒಪ್ಪಲೇಬೇಕೆಂದಿಲ್ಲ.

1983ರ ತಮಿಳುನಾಡು ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯ ಗಮನ ಮುಖ್ಯವಾಗಿ ದೋಣಿಗಳ ಮೇಲಿದೆ. ದಡಕ್ಕೆ ಹತ್ತಿರದ ನೀರು ಸಾಂಪ್ರದಾಯಿಕ ಮೀನುಗಾರರಿಗೆ ಮೀಸಲು. ಹವ್ಯಾಸಿ ಮುಳುಗುಗಾರ ಇಳಿಯುವುದೂ ಅಲ್ಲಿಯೇ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲೇ ನಿಲ್ಲುತ್ತವೆ. ಆ ದಿನಗಳಲ್ಲಿ ಮತ್ತೊಬ್ಬರು ಮೋಜಿಗಾಗಿ ಮೀನು ಹೊಡೆದರೆ ಕಾಸಿಮೇಡಿನ ದುಡಿಮೆಗಾರನಿಗೆ ಏನನ್ನಿಸೀತು?

ಇನ್ನೊಂದು ಅಪಾಯ ಅರಿವಿಲ್ಲದೆ ಅಪರಾಧಿಯಾಗುವುದು. 2001ರಲ್ಲಿ ಕೆಲವು ಶಾರ್ಕ್‌ಗಳು, ಕಡಲಕುದುರೆಗಳು, ದೈತ್ಯ ಗ್ರೂಪರ್ ಮೀನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ ಒಳಪಟ್ಟವು. ಚೆನ್ನೈ ದಡಕ್ಕೆ ಮೊಟ್ಟೆಯಿಡಲು ಬರುವ ಕಡಲಾಮೆಗಳಿಗೂ ಇದೇ ರಕ್ಷಣೆಯಿದೆ. 2022ರ ತಿದ್ದುಪಡಿಯ ನಂತರ ಮೊದಲ ಅನುಸೂಚಿಯ ಜೀವಿಯನ್ನು ಕೊಂದವರಿಗೆ 3ರಿಂದ 7 ವರ್ಷ ಸೆರೆವಾಸ, ಕನಿಷ್ಠ 25,000 ರೂಪಾಯಿ ದಂಡ. ಮಬ್ಬು ನೀರಿನಲ್ಲಿ ಗುರಿಯಿಡುವವನಿಗೆ ಮೀನಿನ ಕುಲ ಗುರುತಾಗುವುದೇ?

ಇಟಲಿಯಲ್ಲಿ ಈ ಕ್ರೀಡೆ ಹಳೆಯದು, ನಿಯಮಗಳೂ ಸ್ಪಷ್ಟ. 1968ರ ಅಲ್ಲಿನ ಆದೇಶದಂತೆ ಉಸಿರಾಟದ ಸಿಲಿಂಡರ್ ಕಟ್ಟಿಕೊಂಡು ಮೀನು ಬೇಟೆಯಾಡುವಂತಿಲ್ಲ. 16 ವರ್ಷ ತುಂಬದವರ ಕೈಗೆ ಗೋವಿ ಕೊಡುವಂತಿಲ್ಲ. ಸಜ್ಜುಗೊಳಿಸಿದ ಗೋವಿಯನ್ನು ನೀರಿನಿಂದ ಹೊರಗೆ ಹಿಡಿಯುವಂತಿಲ್ಲ.

ಇಲ್ಲಿ ಇದಕ್ಕಾಗಿ ಹೊಸ ಕಾಯ್ದೆಯೇ ಬೇಕೆಂದಿಲ್ಲ. ನಿರ್ದಿಷ್ಟ ಪ್ರದೇಶದಲ್ಲಿ ಯಾವ ಮೀನುಗಾರಿಕಾ ಸಾಧನ ಬಳಸಬಾರದೆಂದು ಆದೇಶಿಸುವ ಅಧಿಕಾರ 1983ರ ಕಾಯ್ದೆಯಲ್ಲೇ ಸರ್ಕಾರಕ್ಕಿದೆ. ವಯಸ್ಸು, ಸ್ಥಳ, ಋತು, ಮೀನಿನ ಜಾತಿ ಈ ನಾಲ್ಕನ್ನೂ ಮೀನುಗಾರ ಕುಪ್ಪಗಳ ಹಿರಿಯರೊಡನೆ ಸಮಾಲೋಚಿಸಿ ಒಂದೇ ಪುಟದಲ್ಲಿ ಪ್ರಕಟಿಸಿದರೆ ಪೊಲೀಸರಿಗೂ ಪೋಷಕರಿಗೂ ಗೊಂದಲ ತಪ್ಪುತ್ತದೆ.

ಅಲ್ಲಿಯವರೆಗೆ ನಮ್ಮ ಹುಡುಗನಿಗೆ ನಾನು ಹೇಳಿದ್ದಿಷ್ಟೇ: “ಗೋವಿ ಅಲ್ಲೇ ಇರಲಿ, ನೀರಿನೊಳಗೆ ಚಿತ್ರ ತೆಗೆಯುವ ಕ್ಯಾಮೆರಾ ತೆಗೆದುಕೊಂಡು ಬಾ.”