ಮೂರು ತಾಲೂಕು, ಒಂದು ಸ್ಕೂಟಿ, ಸೊನ್ನೆ ಯೂನಿವರ್ಸಿಟಿ

(1/6)
ಭಟ್ಕಳ, ಹೊನ್ನಾವರ, ಕುಮಟಾ. ಭಾನುವಾರ, ಒಬ್ಬಳೇ, ಸ್ಕೂಟಿ ಮೇಲೆ. ಫೋಟೋ ಚೆನ್ನಾಗಿ ಬಂದಿವೆ, ಸ್ವೈಪ್ ಮಾಡಿ. ಕ್ಯಾಪ್ಶನ್ ಮಾತ್ರ ಜಗಳದ್ದು, ಮೊದಲೇ ಹೇಳಿಬಿಡ್ತೇನೆ. ಓದೋಕೆ ಬೇಜಾರಾದ್ರೆ ಫೋಟೋಗೆ ಲೈಕ್ ಒತ್ತಿ ಹೋಗಿ, ಬೈಯಲ್ಲ.

ಹೊರಡುವಾಗ ಲಿಸ್ಟ್ ಮಾಡಿದ್ದೆ: ಹಳೇ ದೇವಸ್ಥಾನ, ಬಸದಿ, ಕೋಟೆ, ಕೊನೆಗೆ ಒಂದು ಯೂನಿವರ್ಸಿಟಿ ಕ್ಯಾಂಪಸ್. ಮೊದಲ ಮೂರು ಬೇಕಾದಷ್ಟಿವೆ. ನಾಲ್ಕನೇದು ಈ ಮೂರು ತಾಲೂಕಲ್ಲಿ ಎಲ್ಲೂ ಇಲ್ಲ ಅಂತ ಗೊತ್ತಿದ್ದೇ ಬರೆದದ್ದು. ಆ ಖಾಲಿ ಸಾಲಿನ ಬಗ್ಗೆನೇ ಈ ಪೋಸ್ಟ್.

(2/6)
ಇದು ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನ. 16ನೇ ಶತಮಾನದ್ದು. ಗೋಡೆ ಸುತ್ತ ರಾಮಾಯಣದ ಕಥೆ ಕೆತ್ತಿದ್ದಾರೆ, ಬಗ್ಗಿ ನೋಡಬೇಕು. ಮಾಡು ನೋಡಿ, ನಮ್ಮ ಹಂಚಿನ ಮನೆ ಹಾಗೇ ಇಳಿಜಾರು, ಆದ್ರೆ ಪೂರ್ತಿ ಕಲ್ಲಿನ ಚಪ್ಪಡಿ! ನಮ್ಮ ಮಳೆ ಗೊತ್ತಿದ್ದವರು ಕಟ್ಟಿದ್ದು. ಮುಂದಿನ ಫೋಟೋ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ. ಅದೂ ಅದೇ ಶತಮಾನ, ಅದೇ ಕಲ್ಲಿನ ಮಾಡು, ಎದುರಿಗೆ ಮಾನಸ್ತಂಭ.

ಟ್ರಾವೆಲ್ ಪೇಜಿನವರು ಇದಕ್ಕೆಲ್ಲ ‘ಹಿಡನ್ ಜೆಮ್’ ಅಂತ ಬರೀತಾರೆ. ಎಂತ ಹಿಡನ್ ಮಾರಾಯ್ರೆ? ಊರ ನಡುವೆ ನಾನೂರು ವರ್ಷಕ್ಕೂ ಮೇಲಿಂದ ನಿಂತಿದೆ. ಅಡಗಿ ಕೂತಿಲ್ಲ, ನಾವು ಓದಿಲ್ಲ ಅಷ್ಟೇ. ಅಲ್ಲಿಂದ ಹತ್ತಿರದಲ್ಲೇ ಮುರುಡೇಶ್ವರ. ಅಲ್ಲಿ 123 ಅಡಿ ಶಿವನ ಮುಂದೆ ರೀಲ್ಸ್ ಮಾಡೋಕೆ ಜಾಗ ಸಿಗಲ್ಲ. ಮುರುಡೇಶ್ವರದ ಮೇಲೆ ನಂಗೆ ಸಿಟ್ಟಿಲ್ಲ, ನಾನೂ ಐಸ್‌ಕ್ರೀಮ್ ತಿಂದೇ ಬಂದೆ. ಆದ್ರೆ ಎತ್ತರ ಇದ್ದದ್ದು ಮಾತ್ರ ನಮ್ಮ ಕಣ್ಣಿಗೆ ಬೀಳೋದಾದ್ರೆ ಕಷ್ಟ.

(3/6)
ಹೊನ್ನಾವರ. ಇಲ್ಲಿ ಸ್ವಲ್ಪ ಜಾಸ್ತಿ ಬರೀತೇನೆ, ಯಾಕಂದ್ರೆ ಹೊಟ್ಟೆ ಉರಿದದ್ದು ಇಲ್ಲೇ.

14ನೇ ಶತಮಾನದಲ್ಲಿ ಇಬ್ನ್ ಬತೂತ ಅನ್ನೋ ಮೊರಾಕೊ ಪ್ರವಾಸಿ ಹೊನ್ನಾವರಕ್ಕೆ ಬಂದಿದ್ದ. ಊರಲ್ಲಿ ಹೆಣ್ಮಕ್ಕಳ ಶಾಲೆ 13, ಹುಡುಗರ ಶಾಲೆ 23 ಕಂಡೆ, ಇಂಥದ್ದು ಬೇರೆಲ್ಲೂ ನೋಡಿಲ್ಲ ಅಂತ ಬರೆದಿಟ್ಟ. ಅರ್ಧ ಪ್ರಪಂಚ ಸುತ್ತಿದವನು ಹೇಳಿದ ಮಾತು! ಪ್ರತಿದಿನ ಆ ಊರಿನ ಬಸ್‌ಸ್ಟ್ಯಾಂಡಲ್ಲಿ ಇಳಿಯೋ ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಅಲ್ಲಿಂದ ಶರಾವತಿ ಪಕ್ಕದ ದಾರೀಲಿ ಗೇರುಸೊಪ್ಪೆ, ಮತ್ತೆ ಹೊಳೆ ದಾಟಿ ಕಾಡೊಳಗೆ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಕಡೆಯಿಂದ ಒಳಗೆ ಬಂದ್ರೂ ಎದುರಿಗೆ ಜಿನಬಿಂಬ. ಇದು ಚೆನ್ನಭೈರಾದೇವಿಯ ರಾಜಧಾನಿ. 1552ರಿಂದ 1606ರವರೆಗೆ, 54 ವರ್ಷ ಆಳಿದ ಹೆಂಗಸು. ಪೋರ್ಚುಗೀಸರು ಅವಳನ್ನ ಕರಿಮೆಣಸಿನ ರಾಣಿ ಅಂತ ಕರೆದ್ರು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಇದೇ ಹೊಳೆಯಲ್ಲಿ ದೋಣಿಯಲ್ಲಿ ಬಂದಾಗ ಊರು ಆಗಲೇ ಹಾಳುಬಿದ್ದಿತ್ತು.

ಗಮನಿಸಿ: ಮೊರಾಕೊದವನು ಬರೆದ, ಪೋರ್ಚುಗೀಸರು ಬರೆದ್ರು, ಇಟಲಿಯವನು ಬರೆದ. ಕನ್ನಡದಲ್ಲಿ ಗಜಾನನ ಶರ್ಮರ ಕಾದಂಬರಿ ಬಂದಮೇಲೆ ನಮ್ಮ ಸ್ಟೇಟಸ್ಸಿಗೂ ರಾಣಿ ಬಂದಳು. ಒಳ್ಳೇದೇ. ಆದ್ರೆ ಕಾದಂಬರಿ ಓದಿ ಇನ್ನಷ್ಟು ತಿಳೀಬೇಕು ಅನ್ಸಿದ ಹುಡುಗಿ ಎಲ್ಲಿಗೆ ಹೋಗ್ಬೇಕು?

(4/6)
ಧಾರವಾಡಕ್ಕೆ. ಅದೇ ಉತ್ತರ.

ನಮ್ಮ ಡಿಗ್ರಿ ಕಾಲೇಜುಗಳು ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಇತಿಹಾಸ ಮತ್ತು ಪುರಾತತ್ವ ವಿಭಾಗ ಧಾರವಾಡದಲ್ಲಿ. ಈ ಸ್ಮಾರಕ ನೋಡ್ಕೊಳ್ಳೋ ಪುರಾತತ್ವ ಸರ್ವೇಕ್ಷಣ ಇಲಾಖೆಯ ವೃತ್ತ ಕಚೇರಿನೂ ಧಾರವಾಡದಲ್ಲಿ. ಇಂಜಿನಿಯರಿಂಗ್ ಓದಿದ್ರೆ ಇನ್ನೂ ಆಚೆ, ಬೆಳಗಾವಿ. ಭಟ್ಕಳದಲ್ಲಿ ಅಂಜುಮನ್‌ನವರು 1919ರಿಂದ ಶಾಲೆ ಕಾಲೇಜು ಕಟ್ಟಿದ್ದಾರೆ, ಕುಮಟಾದಲ್ಲಿ ಬಾಳಿಗಾ ಕಾಲೇಜಿದೆ, ಹೊನ್ನಾವರದಲ್ಲಿ ಎಸ್‌ಡಿಎಂ ಇದೆ. ಅಂದ್ರೆ ಊರಿನವರು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ಸರ್ಕಾರ ಮಾಡೋ ಪಾಲು ಘಟ್ಟದ ಮೇಲೆ ನಿಂತಿದೆ.

ಭಟ್ಕಳದಿಂದ ಧಾರವಾಡ ಇನ್ನೂರು ಕಿಲೋಮೀಟರ್ ಆಸುಪಾಸು. ಮಳೆಗಾಲದಲ್ಲಿ ದೇವಿಮನೆ ಘಟ್ಟದ ಕಥೆ ನಿಮಗೆ ಹೇಳೋದೇ ಬೇಡ. ಹುಡುಗರಿಗೆ ‘ರೂಮ್ ಮಾಡ್ಕೋ, ಹೋಗು’ ಅಂತಾರೆ. ಹುಡುಗಿ ಆದ್ರೆ ‘ಇಲ್ಲೇ ಬಿ.ಎಡ್ ಮಾಡೆ ಮಗಾ’ ಅಂತಾರೆ. ನಮ್ಮ ಕ್ಲಾಸಲ್ಲೇ ಲೆಕ್ಕ ಹಾಕಿ ನೋಡಿ, ಎಷ್ಟು ಜನರ ಓದು ದೂರದ ಒಂದೇ ಕಾರಣಕ್ಕೆ ನಿಲ್ಲುತ್ತೆ ಅಂತ. 14ನೇ ಶತಮಾನದಲ್ಲಿ ಹೆಣ್ಮಕ್ಕಳಿಗೆ 13 ಶಾಲೆ ಇದ್ದ ಊರು ಇದು!

(5/6)
‘ಹಾಗಾದ್ರೆ ಜಿಲ್ಲೆಗೊಂದು ಯೂನಿವರ್ಸಿಟಿ ಕೇಳ್ತೀಯಾ?’ ಇಲ್ಲ. ಹಾವೇರಿ, ಕೊಡಗು, ಬೀದರ್ ಅಂತ ಏಳು ಜಿಲ್ಲೆಗೆ ಹೊಸ ಯೂನಿವರ್ಸಿಟಿ ಮಾಡಿದ್ರು. ಬೋರ್ಡ್ ಬಂತು, ದುಡ್ಡು ಬರಲಿಲ್ಲ. 2025ರಲ್ಲಿ ಸಂಪುಟ ಉಪಸಮಿತಿ ಹೊಸ ಒಂಬತ್ತು ವಿವಿಗಳನ್ನ ಮುಚ್ಚೋ ಮಾತಾಡ್ತು. ಅಂಥ ಬೋರ್ಡ್ ನಮಗೆ ಬೇಡ.

ಕೇಳ್ತಿರೋದು ಇಷ್ಟು: ಧಾರವಾಡದ ವಿವಿಯದ್ದೇ ಒಂದು ಸ್ನಾತಕೋತ್ತರ ಕೇಂದ್ರ, ಹೊನ್ನಾವರ ಕುಮಟಾ ನಡುವೆ ಎಲ್ಲಾದ್ರೂ, ಕರಾವಳಿ ಇತಿಹಾಸ ಮತ್ತು ಪುರಾತತ್ವಕ್ಕೆ. ಇದಕ್ಕೆ ದಾರಿ ಹೊಸದಲ್ಲ. ಕಾರವಾರದ ಕೋಡಿಬಾಗದಲ್ಲಿ ಇದೇ ವಿವಿಯ ಕೇಂದ್ರ ಇದೆ, ಅಲ್ಲಿ ಕಡಲ ಜೀವಶಾಸ್ತ್ರ ಕಲಿಸ್ತಾರೆ. ಮೀನಿನ ಬಗ್ಗೆ ಓದೋಕೆ ಕಡಲ ಪಕ್ಕ ಕೂರಬೇಕು ಅಂತ ಅರ್ಥ ಆದವರಿಗೆ, ಬಂದರಿನ ಬಗ್ಗೆ ಓದೋಕೂ ಅಲ್ಲೇ ಕೂರಬೇಕು ಅಂತ ಎಂತಕ್ಕೆ ಅರ್ಥ ಆಗಲ್ಲ?

‘ಆನ್‌ಲೈನ್ ಇದೆಯಲ್ಲ’ ಅನ್ನೋರು ಮುಂದಿನ ಫೋಟೋಗೆ ಬನ್ನಿ.

(6/6)
ಮಿರ್ಜಾನ್ ಕೋಟೆ, ಕುಮಟಾ ತಾಲೂಕು. ಚಿರೇಕಲ್ಲು, ಮೇಲೆ ಪಾಚಿ, ಸಂಜೆ ಬೆಳಕು. ಕಟ್ಟಿದ್ದು ಯಾರು? ಆನ್‌ಲೈನಲ್ಲಿ ಹುಡುಕಿ. ಒಂದು ಪೇಜು ಚೆನ್ನಭೈರಾದೇವಿ ಅನ್ನುತ್ತೆ, ಇನ್ನೊಂದು ಬಿಜಾಪುರದ ಶರೀಫ್ ಉಲ್ ಮುಲ್ಕ್ ಅನ್ನುತ್ತೆ, ಮೂರನೇದು ಎರಡನ್ನೂ ಕಾಪಿ ಹೊಡೆದಿದೆ. ಇಲ್ಲಿ ಅಗೆದಾಗ ಚೀನಾ ಪಿಂಗಾಣಿ ಸಿಕ್ಕಿದೆ, ಪೋರ್ಚುಗೀಸರ ಚಿನ್ನದ ನಾಣ್ಯ ಸಿಕ್ಕಿದೆ. ಜಗಳ ತೀರಬೇಕಾದ್ರೆ ಯಾರೋ ವರ್ಷಗಟ್ಟಲೆ ಇಲ್ಲೇ ಇದ್ದು ಮಣ್ಣು, ಕಾಗದ, ಶಾಸನ ನೋಡಬೇಕು. ಅದು ಮೊಬೈಲಲ್ಲಿ ಆಗೋ ಕೆಲಸ ಅಲ್ಲ.

ಇನ್ನೊಂದು ವಿಷಯ, ಕುಮಟಾದವರಿಗೆ ಸ್ಪೆಷಲ್. 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆದಾಗ ಧಾರವಾಡ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು ಮುಂಬೈಗೆ ಹಡಗು ಹತ್ತುತ್ತಿತ್ತು. ಬೆಳೆದದ್ದು ಅಲ್ಲಿ, ಆದ್ರೆ ಆ ಹತ್ತಿಗೆ ಮಾರ್ಕೆಟ್ಟಲ್ಲಿ ಇದ್ದ ಹೆಸರು ‘ಕುಮಟಾ’! ಆಮೇಲೆ ರೈಲು ಮುರ್ಮಗೋವಾ ಕಡೆ ಹೋಯ್ತು, ಬಂದರು ಮಲಗಿತು. ಆಗ ಧಾರವಾಡ ನಮ್ಮಲ್ಲಿಗೆ ಇಳಿದು ಬರ್ತಿತ್ತು, ಈಗ ನಾವು ಅಡ್ಮಿಷನ್ನಿಗೆ ಹತ್ತಿ ಹೋಗ್ತೇವೆ.

ಮನವಿ ಪತ್ರ ಬರೆದಾಗಿದೆ, ಒಂದೂವರೆ ಪುಟ. ಮೂರೂ ತಾಲೂಕಿನ ಕಾಲೇಜುಗಳಿಂದ ಸಹಿ ಬೇಕು. ನಿಮ್ಮ ಕ್ಲಾಸಲ್ಲಿ ಸಹಿ ಸಂಗ್ರಹಿಸೋಕೆ ತಯಾರಿದ್ರೆ ಡಿಎಂ ಮಾಡಿ, ಪಿಡಿಎಫ್ ಕಳಿಸ್ತೇನೆ. ಒಪ್ಪದವರು ಕಮೆಂಟಲ್ಲಿ ಬನ್ನಿ, ಆದ್ರೆ ಆರೂ ಭಾಗ ಓದಿ ಬನ್ನಿ. ಮತ್ತೆ ‘ಒಬ್ಳೇ ಹೋದ್ಯಾ?’ ಅಂತ ಕೇಳೋರಿಗೆ: ಹೌದು, ಪೆಟ್ರೋಲ್ ಪೂರ್ತಿ ನನ್ನದೇ ದುಡ್ಡು.

#ಭಟ್ಕಳ #ಹೊನ್ನಾವರ #ಕುಮಟಾ #ಗೇರುಸೊಪ್ಪೆ #ಮಿರ್ಜಾನ್ #ಹಿಡನ್‌ಅಲ್ಲ